ಕೊನೆಗೆ ಹಾಕುವ ಕ್ಯಾಲ್ಸಿಯಂ

ಮಾರ್ಚ್ ೧೪, ಗುರುವಾರ

ನಾಳೆ ಗೈಡ್ ಮೇಷ್ಟ್ರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಬೆಳಿಗ್ಗೆ ತಾನೇ ಕುಣಿದುಕೊಂಡು ಹೋಗಿ, "ಸರ್, ಹೊಸದೇನೋ ಸಿಕ್ಕಿದೆ" ಅಂದಿದ್ದೆ.

ಸಿಕ್ಕಿದೆ ಎಂದೇ ನಂಬಿದ್ದೆ. ಇಲಿಯ ಹಿಪೊಕ್ಯಾಂಪಸ್‌ನ, ಅಂದರೆ ಮಿದುಳಿನಲ್ಲಿ ನೆನಪು ಕಟ್ಟುವ ಭಾಗದ, ಒಂದು ನರಕೋಶ ಯಾರೂ ಕೆಣಕದಿದ್ದರೂ ಒಂದೇ ಸಮನೆ ಮಿಡಿಯುತ್ತಿತ್ತು. ಅಕ್ಕಪಕ್ಕದ ಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕ ಬಿಟ್ಟು ಕೆರಳಿಸುತ್ತಿರಬಹುದೆಂದು ಅದರ ಗ್ಲುಟಮೇಟ್ ಗ್ರಾಹಕಗಳನ್ನೆಲ್ಲ ಮದ್ದು ಹಾಕಿ ಮುಚ್ಚಿದೆ. ಮಹರಾಯ್ತಿ ನಿಲ್ಲಲೇ ಇಲ್ಲ! ಅಂದರೆ ತನ್ನಷ್ಟಕ್ಕೆ ತಾನೇ ಮಿಡಿಯುವ ಕೋಶ ಅಂದುಕೊಂಡೆ.

ಮಧ್ಯಾಹ್ನ ದೊಡ್ಡಮ್ಮ ಬಂದರು. ಲ್ಯಾಬಿನ ಹಳೇ ಟೆಕ್ನಿಷಿಯನ್, ಎಲ್ಲರಿಗೂ ದೊಡ್ಡಮ್ಮನೇ. ಪರದೆ ನೋಡಲಿಲ್ಲ, ಕಪಾಟು ನೋಡಿದರು. "ಕ್ಯಾಲ್ಸಿಯಂ ಬಾಟ್ಲಿ ಸೀಲೇ ಒಡೆದಿಲ್ವಲ್ಲೇ!"

ಕೋಶಗಳನ್ನು ಮುಳುಗಿಸಿಡುವ ಉಪ್ಪುದ್ರಾವಣ ಬೆಳ್ಳಗೆ ಮಬ್ಬಾಗದಿರಲೆಂದು ಕ್ಯಾಲ್ಸಿಯಂ ಕೊನೆಗೆ ಹಾಕುವುದು ನಮ್ಮ ಪದ್ಧತಿ. ಆ ಕೊನೆಯ ಹೊತ್ತಿಗೇ ತಂಗಿಯ ಫೋನ್ ಬಂದಿತ್ತು. ಸುತ್ತಲಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ನರಕೋಶ ಸುಮ್ಮಸುಮ್ಮನೆ ಕೆರಳುತ್ತದೆ; ಇದು ಮೊದಲ ವರ್ಷದ ಪಾಠ. ಹಾಕಿದೆ. ಹತ್ತು ನಿಮಿಷಕ್ಕೆ ಕೋಶ ತಣ್ಣಗಾಯಿತು. ನಾನು ಅತ್ತುಬಿಟ್ಟೆ.

"ನೆನಪಿನ ಮೇಲೆ ಕೆಲಸ ಮಾಡೋಳೇ ಮರೆತ್ರೆ ಹೇಗೆ?" ಎಂದು ದೊಡ್ಡಮ್ಮ ತಲೆಗೆ ಮೊಟಕಿದರು. ಆಮೇಲೆ ಮೆಲ್ಲಗೆ, "ನಾವೂ ಒಂದ್ಸಲ ಮರ್ತಿದ್ವಿ ಕಣೇ. ನೀನು ಒಂದು ದಿನ ಕುಣಿದೆ. ನಾನೂ ನಿಮ್ಮ ಮೇಷ್ಟ್ರೂ ಮೂರು ವಾರ ಕುಣಿದಿದ್ವಿ" ಎಂದರು.

ನಮ್ಮ ಮೇಷ್ಟ್ರೂ! ಆ ಗಂಟುಮುಖದವರು ಕುಣಿದದ್ದನ್ನು ನೆನೆದು ಹಾಸಿಗೆಯಲ್ಲಿ ಒಬ್ಬಳೇ ನಗುತ್ತಿದ್ದೇನೆ. ನಾಳೆ ತಪ್ಪೊಪ್ಪಿಕೊಳ್ಳುವಾಗ ಅವರೆದುರಿಗೇ ನಗು ಬಂದುಬಿಟ್ಟರೆ...