ರೆಕ್ಕೆ ಗೂಳಪ್ಪನ ಅಂಕಿತ

ಎರಡನೆಯ ಬೇಸಿಗೆಯ ಮೂವತ್ತೇಳನೆಯ ದಿನ, 2214
ಕಪ್ಪತಗುಡ್ಡದ ಗಾಳಿಸಾಲು

ಹಿಂದಿನ ಕಾಲದಲ್ಲಿ ಬಾಳುತ್ತಿರುವ ನಮ್ಮ ಹಿರಿಯರಿಗೆ ಶರಣು.

ಈ ಕತೆಯನ್ನು ಮೊದಲು ಹೇಳಿದವಳು ನನ್ನ ಸೋದರತ್ತೆ ಶಾಂತವ್ವ. 2171ರಲ್ಲಿ, ಹತ್ತಿ ಬಿಡಿಸುತ್ತ ಹೇಳಿದಳು. ತಾನು ಹೊಸ ಸೊಸೆಯಾಗಿ ಬಂದಾಗ ಕಣ್ಣಾರೆ ಕಂಡದ್ದು ಎಂದಳು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಎರಡನೆಯ ಬೇಸಿಗೆ ಎಂಬುದು ನಮ್ಮಲ್ಲೊಂದು ತಿಂಗಳು; ಬೇಸಿಗೆ ಉದ್ದವಾಯಿತು, ತಿಂಗಳನ್ನೂ ಉದ್ದ ಮಾಡಿಕೊಂಡೆವು. ನಮ್ಮ ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ, ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ನಮ್ಮ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು. ಅವು ಕೊಡುವ ಕರೆಂಟು ನೀರೆತ್ತಲು, ಹಿಟ್ಟು ಬೀಸಲು, ಮಕ್ಕಳ ಕೋಣೆ ತಂಪಾಗಿಡಲು ಬೇಕು. ಮಿಕ್ಕಿದ್ದು ಹಾಡುಕಣಜಕ್ಕೆ. ಕಾಳು ಕೂಡಿಡುವಂತೆ ಹಾಡು ಕೂಡಿಡುವ ಯಂತ್ರ ಅದು. ನೀವು ಆಲ್ಬಂ ಅನ್ನುವುದನ್ನು ನಾವು ಹಾಡಿನ ದಂಡೆ ಅನ್ನುತ್ತೇವೆ. ಹೊಸ ದಂಡೆ ಬಂದರೆ ಊರೆಲ್ಲ ಕೇಳುಕಟ್ಟೆಯ ಮೇಲೆ ಕೂತು ಕೇಳಬೇಕು. ಕಣಜದ ಹಿರಿಯರು ಒಪ್ಪಿದರೆ ಒಳಗೆ, ಇಲ್ಲವಾದರೆ ಆ ಹಾಡು ಅಲ್ಲಿಗೇ ಮುಗಿಯಿತು. ಅರವತ್ತು ದಾಟಿದವರು ಭಕ್ತಿಗೀತೆ ಮಾತ್ರ ಹಾಡಬೇಕು ಎಂಬುದು ಆಗಿನ ರೂಢಿ. ಈ ಚಾಳಿ ನಿಮ್ಮ ಕಾಲದ್ದೇ, ನಾವು ಹುಟ್ಟಿಸಿದ್ದಲ್ಲ.

ಕಸ್ತೂರಿ ಬೆಂತೂರ ಎಂಬ ಹಾಡುಗಾರ್ತಿ ಇದ್ದಳು. ಪ್ರಾಯದಲ್ಲಿ ಮಿರಿಮಿರಿ ಪ್ಯಾಂಟು ತೊಟ್ಟು ವೇದಿಕೆ ಕುಣಿಸಿದವಳು. ಎಪ್ಪತ್ತರ ಹತ್ತಿರ ಒಂದು ದಂಡೆ ಕಟ್ಟಿ ತಂದಳು. ಕುಣಿತದ ಹಾಡುಗಳಲ್ಲ; ಮೆತ್ತಗಿನ ತಾಳ, ತಗ್ಗಿದ ದನಿ, ಎಲ್ಲವೂ ಪ್ರೀತಿಯ ಹಾಡು. ಒಂದರಲ್ಲಿ ಮಂಡಿಗೆ ಎಣ್ಣೆ ತಿಕ್ಕುವ ಕೈ, ಒಂದರಲ್ಲಿ ಹಲ್ಲಿಲ್ಲದವಳಿಗಾಗಿ ಹಾಲಿನಲ್ಲಿ ನೆನೆಯಿಟ್ಟ ಜೋಳದ ರೊಟ್ಟಿ. ಕೇಳುತ್ತ ಕೇಳುತ್ತ ಜನ ಕೈಮುಗಿದರು! ಮುದುಕಿ ಹಾಡುತ್ತಿದ್ದಾಳೆಂದರೆ ದೇವರ ಮೇಲೆಯೇ ಇರಬೇಕಲ್ಲ.

ಕಣಜದ ಹಿರಿಯ ಅಡಿವೆಪ್ಪ ಕಣ್ಣೊರೆಸಿಕೊಂಡ. "ಯವ್ವಾ, ಶಿವನ್ನ ಎದುರಿಗೇ ತಂದು ನಿಲ್ಲಿಸಿದ್ರಿ. ಹಾಡಿನ ಕಡೀಕ ಒಂದೊಂದು ಅಂಕಿತ ಹಾಕಿಬಿಡ್ರಿ, ಇವತ್ತ ಕಣಜಕ್ಕ ಸೇರಸ್ತೀವಿ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ.

"ಶಿವ ಎಲ್ಲಿಂದ ಬಂದ ಇದರಾಗ? ನನ್ನ ಮಂಡಿ ತಿಕ್ಕಿದಾಂವ ರೆಕ್ಕಿ ಗೂಳಪ್ಪ. ಅಲ್ಲಿ ಕುಂತಾನ ನೋಡ್ರಿ, ತೂಕಡಿಸಾಕತ್ತಾನ."

ಗೂಳಪ್ಪ ಗಾಳಿಯಂತ್ರದ ರೆಕ್ಕೆಗಳಿಗೆ ಗ್ರೀಸು ಹಚ್ಚುವವನು, ಹೆಂಡತಿ ತೀರಿಕೊಂಡವನು. ಕಟ್ಟೆಯೆಲ್ಲ ಅವನತ್ತ ತಿರುಗಿತು. ಅವನು ಎಚ್ಚೆತ್ತು ತಲೆಗೆ ಸುತ್ತಿದ ಪಟಗದ ಸೆರಗನ್ನು ಮುಖದ ಮೇಲೆ ಎಳೆದುಕೊಂಡ. ಆದರೆ ಎದ್ದು ಹೋಗಲಿಲ್ಲ.

ಅಡಿವೆಪ್ಪ ದಾರಿ ಹುಡುಕಿದ. "ಸತ್ತ ಗಂಡನ ನೆನಪಿನ ಹಾಡು ಅಂತ ಅನ್ನೋಣೇನ್ರಿ?"

"ಅವನ ಹಾಡು ಅವ ಇದ್ದಾಗ ಹಾಡೀನಿ. ಇವು ಮೊನ್ನಿಯವು."

"ಈ ವಯಸ್ಸಿನಾಗ ಇದೆಲ್ಲ ಬೇಕೇನ್ರಿ?"

"ಮತ್ತ ಯಾವಾಗ? ಹೆಣಾ ಎತ್ತಿದ ಮ್ಯಾಲೇನು?" ಎಂದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಂಕಿತ ಬೇಕಂದ್ರಲ್ಲ, ತಗೋರಿ."

ಮೊದಲಿನಿಂದ ಮತ್ತೆ ಹಾಡಿದಳು. ದೇವರ ಹೆಸರು ಬರಬೇಕಾದ ಜಾಗದಲ್ಲೆಲ್ಲ, ಮೈಕು ಗುಂಯ್ ಅನ್ನುವಂತೆ, "ಕೇಳೋ ನನ್ನ ರೆಕ್ಕಿ ಗೂಳಪ್ಪ" ಎಂದು ನಿಲ್ಲಿಸಿದಳು. ಅಡಿವೆಪ್ಪ ಎದ್ದು ಕರೆಂಟು ತೆಗೆಸಿದ. "ಈ ದಂಡಿಗೆ ನಮ್ಮ ಗಾಳಿ ಸಿಗೂದಿಲ್ಲ" ಎಂದ.

"ನಿಮ್ಮ ಗಾಳಿ ನೀವ ಇಟ್ಕೊರಿ. ನನ್ನ ಉಸಿರು ನನ್ನ ಹಂತೇಕ ಐತಿ" ಎಂದವಳೇ ಮೈಕಿಲ್ಲದೆ ಕೊನೆಯ ಹಾಡಿನ ತನಕ ಹಾಡಿ ಇಳಿದಳು.

ಆ ದಂಡೆ ಕಣಜದಲ್ಲಿ ಇಂದಿಗೂ ಇಲ್ಲ. ಸೇರಿಸಿ ಎಂದು ನಾವು ಕೇಳಿಯೂ ಇಲ್ಲ. ಅರವತ್ತರ ರೂಢಿ ಮಾತ್ರ ಅಳಿದುಹೋಯಿತು. ನಿಮ್ಮಲ್ಲಿ ಕೇಳುವುದು ಇಷ್ಟೇ: ನಿಮ್ಮ ಹಳೆಯ ಹಾಡುಗಾರರು ನರೆತ ತಲೆಯಲ್ಲಿ ಪ್ರೀತಿಯ ಹಾಡು ಹಿಡಿದು ಬಂದರೆ ಕೈಮುಗಿಯಬೇಡಿ, ನಗಲೂ ಬೇಡಿ. ಯಾರ ಮೇಲೆ ಹಾಡಿದ್ದು ಎಂದು ಕೇಳಿ, ಅವರು ಹೇಳಿದ್ದನ್ನು ನಂಬಿ.

ಆ ರೂಢಿ ಅಳಿಯತೊಡಗಿದ್ದು ಹೀಗೆ: ಕಸ್ತೂರಿ ಹಾಡಿದ ಮರುದಿನ ಬೆಳಿಗ್ಗೆ ನಳದ ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಒಬ್ಬಳು ಮಂಡಿಯ ಹಾಡು ಎತ್ತಿಕೊಂಡಳು. ಕೊನೆಗೆ ಬಂದಾಗ ಗೂಳಪ್ಪನ ಜಾಗದಲ್ಲಿ ತನ್ನ ಗಂಡನ ಹೆಸರು ಹಾಕಿದಳು. ಮದುವೆಮನೆಯಲ್ಲಿ ಪ್ರಾಸ ಕಟ್ಟಿ ಒಡಪು ಹೇಳುವಾಗಲ್ಲದೆ ಗಂಡನ ಹೆಸರೆತ್ತದ ಹೆಂಗಸರು ಒಬ್ಬರಾದ ಮೇಲೊಬ್ಬರು ಹೆಸರು ಹಿಡಿದು ಹಾಡತೊಡಗಿದರು. ಒಬ್ಬ ವಿಧವೆ ಹಾಕಿದ ಹೆಸರು ಕೇಳಿ ಸಾಲಿಗೆ ಸಾಲೇ "ಯವ್ವಯವ್ವಾ!" ಎಂದಿತು. ಅಡಿವೆಪ್ಪನ ಹೆಂಡತಿ ಗೌರವ್ವನ ಸರದಿ ಬಂತು. ಗಂಡ ಎದುರಿನ ಜಗಲಿಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕೂತಿದ್ದ. ಅವನನ್ನೇ ನೋಡುತ್ತ, ಗಟ್ಟಿಯಾಗಿ, ಕೊನೆಗೆ "ಕೇಳೋ ನನ್ನ ಅಡಿವೆಪ್ಪ" ಎಂದಳು.

ಅಡಿವೆಪ್ಪ ಬಾಯಿಂದ ಕಡ್ಡಿ ತೆಗೆದ. ಆಚೀಚೆ ನೋಡಿದ. "ಏ, ಇನ್ನೊಮ್ಮೆ ಅನ್ನು" ಎಂದ.