ಸಾವಕ್ಕ ಬಿಚ್ಚಿದ ಗಂಟು

ಸಾತಪ್ಪ,

ನಿನ್ನೆ ಇಚಲಕರಂಜಿಯ ಚರ್ಚಿಗೆ ಹೋಗಿದ್ದೆ. ಕ್ಷಮೆ ಎನ್ನುವುದು ಮಾಲೀಕರು ನಮಗೆ ಹೇಳಿಕೊಡುವ ಪಾಠ ಎಂದು ಮುಷ್ಕರದ ದಿನಗಳಲ್ಲಿ ಮಗ್ಗದ ಕಾರ್ಖಾನೆಯ ಗೇಟಿನ ಮುಂದೆ ಕೂಗಿದವನು ನಾನೇ. ನಿನ್ನ ಹೆಂಡತಿ ಸಾವಕ್ಕ ಕರೆದಳು, ಹೋದೆ.

ಅಲ್ಲಿ ಟೀಚರೊಬ್ಬರು ಮಗ್ಗದವರ ಮನೆಮಂದಿಗೆಲ್ಲ ಆಟ ಆಡಿಸುತ್ತ, ಯೇಸು ಹೇಳಿಕೊಟ್ಟ ಕರ್ತನ ಪ್ರಾರ್ಥನೆ ಕಲಿಸುತ್ತಿದ್ದರು. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬ ಸಾಲಿಗೆ ಒಬ್ಬೊಬ್ಬರಿಗೂ ಒಂದು ನೂಲು. ನೋಯಿಸಿದವರನ್ನು ಹೆಸರು ಹೇಳದೆ ಮನಸ್ಸಿನಲ್ಲೇ ನೆನೆದು ಗಂಟು ಹಾಕಬೇಕು, ಸಾಲು ಹೇಳುತ್ತ ಬಿಚ್ಚಬೇಕು. ಮಗ್ಗದ ಕೈಗಳು ಹಾಕಿದ ಗಂಟು ಬಿಚ್ಚಲೇ ಇಲ್ಲ.

"ಟೀಚರ್, ನಮಗ ಗಂಟ ಹಾಕೂದಷ್ಟ ಗೊತ್ತೈತ್ರಿ, ಬಿಚ್ಚೂದು ಯಾವ ಸೇಠನೂ ಕಲಿಸಿಲ್ಲ!" ಎಂದು ಮಗ್ಗದ ಸೂರಜ ನಗಿಸಿದ. ಟೀಚರ್ ಕತ್ತರಿ ತಂದರು.

"ಕತ್ತರಿ ಬ್ಯಾಡ್ರಿ, ನಾ ಬಿಚ್ಚತೇನಿ" ಎಂದಳು ಸಾವಕ್ಕ.

ಮುಷ್ಕರದ ಮೂರನೇ ವಾರ, ಮಗಳ ಜ್ವರ ಇಳಿಯದೆ, ನೀನು ಮಗ್ಗಕ್ಕೆ ಮರಳಿದೆ. ಎಲ್ಲರೆದುರು ನಿನ್ನನ್ನು ದ್ರೋಹಿ ಎಂದೆ. ನೀನು ಸತ್ತಾಗ ಮಣ್ಣಿಗೂ ಬರಲಿಲ್ಲ.

ಎಲ್ಲರೂ ಚಹಾಕ್ಕೆ ಎದ್ದರೂ ಸಾವಕ್ಕ ಉಗುರಿನಿಂದ ತನ್ನ ಗಂಟು ಸಡಿಲಿಸುತ್ತಲೇ ಇದ್ದಳು. ಬಿಚ್ಚಿದ ನೂಲನ್ನು ನನ್ನ ಕೈಗಿಟ್ಟಳು. "ತಗೋರಿ ಅಣ್ಣಾ. ಹೆಸರು ಹೇಳಬಾರದಂತ."

ಕಿಸೆಯಲ್ಲಿಟ್ಟುಕೊಂಡೆ. ಚಹಾ ಕುಡಿದೆ.

ನನ್ನ ನೂಲಿಗೆ ನಾನು ಗಂಟೇ ಹಾಕಿರಲಿಲ್ಲ, ಸಾತಪ್ಪ. ನನಗೆ ತಪ್ಪು ಮಾಡಿದವರು ಯಾರೆಂದು ಎಷ್ಟು ಹೊತ್ತು ಕೂತರೂ ನೆನಪಾಗಲಿಲ್ಲ.