ಏಳನೆಯ ಪ್ರಶ್ನೆ

ಥಂಡರ್ ಬೇ
ಜೂನ್ 3

ನನ್ನ ಹಟಮಾರಿ ಮುದ್ದು ಕೈಸಾ,

ಅಮ್ಮನ ಕೈಬರಹ ಕಂಡು ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪನಿಗೆ ಮಂಡಿನೋವು, ಆದರೆ ಬಾಯಿಗೇನೂ ಆಗಿಲ್ಲ. ಇದನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಕೂತೆ. ನೀನು "ಅಮ್ಮಾ, ಕೆಲ್ಸದಲ್ಲಿದ್ದೀನಿ, ಬೇಗ ಹೇಳು" ಅನ್ನುತ್ತೀಯ, ನಾನು ಸರೋವರದ ಗಾಳಿಯ ಮಾತೆತ್ತಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಪ್ರತಿ ಮೇ ತಿಂಗಳು, ನಿನ್ನ ಹುಟ್ಟುಹಬ್ಬದ ಕೇಕಿಗಿಂತ ಮೊದಲೇ, ಟೊರಾಂಟೊ ಆಸ್ಪತ್ರೆಯ ಫಾರಂ ಬರುತ್ತಿತ್ತಲ್ಲ. ಹೃದಯಕ್ಕೇ ರಕ್ತ ಕೊಡುವ ನಾಳ ತಪ್ಪು ಜಾಗದಲ್ಲಿ ಹುಟ್ಟಿಕೊಂಡು, ಎಳೆಗೂಸಾಗಿದ್ದಾಗಲೇ ಅದನ್ನು ಕೊಯ್ದು ಸರಿಮಾಡಿಸಿಕೊಂಡವರು ಅವರ ಪಟ್ಟಿಯಲ್ಲಿ ಇರುವುದು ಅರವತ್ತಮೂರೇ ಜನ. ಇಂಥ ಮಕ್ಕಳು ದೊಡ್ಡವರಾದ ಮೇಲೆ ಹೇಗಿರುತ್ತಾರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಅದಕ್ಕೆ ವರ್ಷ ವರ್ಷವೂ ಕೇಳುತ್ತಾರೆ. ನಾನು ಪುಲ್ಲಾ ಬ್ರೆಡ್ಡಿನ ಹಿಟ್ಟು ಉಬ್ಬಲು ಬಿಟ್ಟು, ಏಲಕ್ಕಿ ವಾಸನೆಯ ಕೈಯಲ್ಲೇ ಅದನ್ನು ತುಂಬುತ್ತಿದ್ದೆ. ಏಳನೆಯ ಪ್ರಶ್ನೆ ನೆನಪಿದೆಯಾ? ಆಡುವಾಗ, ಓಡುವಾಗ ಎಂದಾದರೂ ಎಚ್ಚರ ತಪ್ಪಿದ್ದುಂಟೆ? "ಇಲ್ಲ" ಎಂದು ಏಳು ವರ್ಷ ಬರೆದೆ. ಅದು ಸುಳ್ಳೆಂದು ಗೊತ್ತಿದ್ದವರು ನಾವಿಬ್ಬರೇ.

ಆಗ ನಿನಗೆ ಹನ್ನೊಂದು. ಫೆಬ್ರವರಿ, ಐಸ್ ಹಾಕಿ ಅಭ್ಯಾಸ ಮುಗಿಯುವ ಹೊತ್ತು. ಗೋಡೆಯ ಪಕ್ಕ ನೀನು ಚೀಲ ಜಾರಿದ ಹಾಗೆ ಜಾರಿ ಬಿದ್ದೆ. ನಾನು ಬೂಟುಗಾಲಲ್ಲೇ ಮಂಜುಗಡ್ಡೆಯ ಮೇಲೆ ಓಡಿ ಬಂದು ಎಣಿಸಿದೆ, ಹದಿನಾಲ್ಕರವರೆಗೆ. ಕಣ್ಣು ಬಿಟ್ಟವಳೇ "ಗೋಲ್ ಆಯ್ತಾ?" ಎಂದೆ. ಕಾರಿನಲ್ಲಿ ನನ್ನ ತೋಳು ಹಿಡಿದುಕೊಂಡು, "ಅಮ್ಮಾ, ನರ್ಸಿಗೆ ಹೇಳ್ಬೇಡ, ಆಟ ಬಿಡಿಸ್ಬಿಡ್ತಾರೆ. ಬೆಳಗ್ಗೆ ತಿಂಡಿ ತಿಂದಿರ್ಲಿಲ್ಲ ಅಷ್ಟೆ" ಎಂದು ಅತ್ತೆ. ನಾನು ತಿಂಡಿಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿನ್ನ ಅಪ್ಪನಿಗೂ ಹೇಳಲಿಲ್ಲ.

ಈಗೇಕೆ ಈ ಮಾತು ಅಂತೀಯ. ಹೋದ ತಿಂಗಳು ಆಸ್ಪತ್ರೆಯವರು ನಮ್ಮಂಥ ಮನೆಯವರನ್ನೆಲ್ಲ ಸೇರಿಸಿದ್ದರು. ನನ್ನ ಪಕ್ಕ ಝೈನಬ್ ಅಂತ ಒಬ್ಬ ತಾಯಿ, ತೊಡೆಯ ಮೇಲೆ ಆರು ವರ್ಷದ ಮಗಳು. ಆ ಮಗುವಿನದೂ ನಿನ್ನದೇ ತೊಂದರೆ. ಆಕೆ ಖುಷಿಯಿಂದ, "ಅರವತ್ಮೂರು ಜನರಲ್ಲಿ ಒಬ್ರಿಗೂ ಆಡ್ವಾಗ ಎಚ್ಚರ ತಪ್ಪಿಲ್ವಂತೆ ಕಣ್ರೀ. ಡಾಕ್ಟ್ರು ಹೇಳಿದ ಮೇಲೆ ಧೈರ್ಯ ಬಂತು, ಸ್ಕೇಟಿಂಗಿಗೆ ಸೇರಿಸಿಬಿಟ್ಟೆ" ಎಂದಳು. ಕಾಫಿ ಲೋಟವನ್ನು ಕೆಳಗಿಟ್ಟೆ ಕೈಸಾ. ಆ ಧೈರ್ಯದಲ್ಲಿ ನನ್ನ ಸುಳ್ಳಿತ್ತು.

ಮನೆಗೆ ಬಂದವಳೇ ಪಟ್ಟಿ ನೋಡಿಕೊಳ್ಳುವ ನರ್ಸ್ ಓಪಲ್‌ಗೆ ಫೋನ್ ಮಾಡಿ ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಬರ್ಕೊಂಡೆ ಐಲಾ. ಝೈನಬ್‌ಗೆ ಡಾಕ್ಟ್ರು ಇವತ್ತೇ ಫೋನ್ ಮಾಡ್ತಾರೆ. ನೀವು ಮಗಳಿಗೊಂದು ಮಾತು ಹೇಳಿಬಿಡಿ" ಎಂದಳು. ಅಷ್ಟು ವರ್ಷದ ಭಾರ ಅಷ್ಟು ಚಿಕ್ಕ ಮಾತಿನಲ್ಲಿ ಮುಗಿದುಹೋಯಿತಲ್ಲ ಎಂದು ನನಗೇ ವಿಚಿತ್ರವೆನಿಸಿತು.

ನೀನು ಬೇಡಿಕೊಂಡೆ, ಅದಕ್ಕೆ ಮುಚ್ಚಿಟ್ಟೆ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಹಾಗಲ್ಲ, ಹೆದರಿದವಳು ನಾನು. ನಾಲ್ಕು ತಿಂಗಳ ನಿನ್ನನ್ನು ಆಪರೇಷನ್ನಿಗೆ ಒಯ್ದ ಆ ಬಾಗಿಲ ಮುಂದೆ ಇನ್ನೊಮ್ಮೆ ಕೂರುವ ಶಕ್ತಿ ನನ್ನಲ್ಲಿರಲಿಲ್ಲ. ನಿನ್ನ ಆಟ ಉಳಿಸಿದ ಅಮ್ಮ ಅಂತ ನೀನು ಮುದ್ದು ಮಾಡುತ್ತಿದ್ದೆ, ನಾನು ಸುಮ್ಮನೆ ಮಾಡಿಸಿಕೊಂಡೆ.

ಈ ವರ್ಷದಿಂದ ಫಾರಂ ನಿನ್ನ ಹೆಸರಿಗೆ ಹ್ಯಾಮಿಲ್ಟನ್ನಿಗೇ ಬರುತ್ತದೆ, ಈಗಾಗಲೇ ಬಂದಿರಬೇಕು. ನಿಜ ಬರಿ. ಅವರು ಕರೆದ ಪರೀಕ್ಷೆಗೆ ಹೋಗು. ಆಟ ಬಿಡಿಸಿದರೆ ನನ್ನನ್ನು ಎಷ್ಟು ಬೇಕೋ ಅಷ್ಟು ಬೈದುಕೋ, ಆದರೆ ಬೈಯಲು ನೀನಿರಬೇಕು.

ಬೈಗುಳಕ್ಕೆ ಕಾದಿರುವ
ನಿನ್ನ ಅಮ್ಮ

ಮರೆತಿದ್ದೆ: ಅಪ್ಪನಿಗೆ ಹೇಳಿದೆ. ಸೀದಾ ಹೋಗಿ ಸೌನಾ ಹಬೆಸ್ನಾನದ ಒಲೆಗೆ ಒಂದು ಗಂಟೆ ಸೌದೆ ಸೀಳಿದರು. ಆಮೇಲೆ ಬಂದು, "ಹದಿನಾಲ್ಕಾ?" ಎಂದು ಕೇಳಿದರು.

*

ಹ್ಯಾಮಿಲ್ಟನ್
ಜೂನ್ 9

ಅಮ್ಮಾ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿ ಅತ್ತೆ. ಪಕ್ಕದ ಮುದುಕಿ ಟಿಶ್ಯೂ ಕೊಟ್ಟು "ಹೋದ್ರೆ ಹೋಗ್ಲಿ ಬಿಡಮ್ಮ, ಹುಡುಗ್ರಿಗೇನು ಬರವಾ" ಎಂದಳು. ಅಮ್ಮನ ಕಾಗದ ಎಂದು ಹೇಳಲು ನಾಚಿಕೆಯಾಯಿತು.

ಈಗ ನನ್ನ ಸರದಿ. ಫಾರಂ ಮೇ ಹದಿನೈದಕ್ಕೇ ಬಂದಿತ್ತು. ಪೆನ್ನು ಹಿಡಿದು ಏಳನೆಯ ಪ್ರಶ್ನೆಯ ಮುಂದೆ "ಇಲ್ಲ" ಎಂದು ಬರೆಯಹೊರಟೆ. ಅಕ್ಷರ ಥೇಟ್ ನಿನ್ನದರ ಹಾಗೇ ಬಂತು ಅಮ್ಮಾ. ಹೊಡೆದುಹಾಕಿ "ಹೌದು" ಎಂದು ಬರೆದೆ. ಹನ್ನೊಂದು ವರ್ಷ, ಹದಿನಾಲ್ಕು ಸೆಕೆಂಡು, ಎಲ್ಲ. ಕೆಳಗೆ, ಅಮ್ಮನಿಗೆ ತಿಳಿಸಬೇಡಿ, ನನ್ನನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದಾಳೆ, ನೊಂದುಕೊಳ್ಳುತ್ತಾಳೆ ಎಂದೂ ಬರೆದೆ. ಓಪಲ್‌ಗೆ ಆಶ್ಚರ್ಯವಾಗದಿದ್ದುದು ಅದಕ್ಕೇ. ನಿನ್ನ ಫೋನಿಗೆ ಮೊದಲೇ ನನ್ನ ಫಾರಂ ಅವಳ ಮೇಜಿನ ಮೇಲಿತ್ತು. ನನ್ನ ಗುಟ್ಟನ್ನು ನಿನಗೆ ಬಿಟ್ಟುಕೊಡಲಿಲ್ಲ, ನಿನ್ನದನ್ನು ನನಗೂ ಬಿಟ್ಟುಕೊಡಲಿಲ್ಲ. ಎಂಥ ಹೆಂಗಸು!

ನಿನ್ನನ್ನು ಬೈಯುವುದಿಲ್ಲ. ನನಗೆ ಏಳು ವರ್ಷದ ಆಟ ಸಿಕ್ಕಿತು, ಅದು ಸುಳ್ಳಿನ ಮೇಲೆ ನಿಂತಿದ್ದರೂ ನನಗೆ ಪ್ರಿಯವೇ. ಆದರೆ ಝೈನಬ್‌ಳ ಮಗಳಿಗೆ ಅಂಥದ್ದು ಬೇಡ.

ಜೂನ್ 19, ಗುರುವಾರ, ಓಡಿಸಿ ಹೃದಯ ನೋಡುವ ಪರೀಕ್ಷೆ ಇದೆ. ಹತ್ತೊಂಬತ್ತು ವರ್ಷದವಳು, ಒಬ್ಬಳೇ ಬರುತ್ತೇನೆ ಎಂದು ಓಪಲ್‌ಗೆ ಜಂಬದಿಂದ ಹೇಳಿದ್ದೆ. ನೀನು ಬಾ. ಬಾಗಿಲ ಮುಂದೆ ಕೂರುವುದು ಕಷ್ಟವೆಂದು ಗೊತ್ತು, ಆದರೂ ಬಾ. ಪುಲ್ಲಾ ತಾ.

ನಿನ್ನ ಅಕ್ಷರದ
ಕೈಸಾ

ಇನ್ನೊಂದು: ಫಾರಂನಲ್ಲಿ ಬರೆದಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಒಮ್ಮೆ ಎಚ್ಚರ ತಪ್ಪಿ ಬಿದ್ದೆ. ಎಷ್ಟು ಸೆಕೆಂಡು ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಎಣಿಸಲು ನೀನಿರಲಿಲ್ಲ.